ಹದಿನೆಂಟು ಡಿಗ್ರಿ

೧೪ ಡಿಸೆಂಬರ್, ಭಾನುವಾರ

ಕೆಂಪಾಜಮ್ಮ ಚಿಕ್ಕಮ್ಮನ ರೇಷ್ಮೆ ಹುಳುಗಳನ್ನು ಇವತ್ತು ನಾನೇ ಬೇಯಿಸಿಬಿಡುತ್ತಿದ್ದೆ. ಮಧುವನಹಳ್ಳಿಯ ಅವಳ ಹುಳುಮನೆಯಲ್ಲಿ ಶಾಖ ಅಳೆಯುವ ಮಿಷನ್ ಇದೆ. ಅದರ ವೆಬ್ ಪೇಜಿನಿಂದ ಅಂಕಿ ಹೆಕ್ಕಿ ಅವಳ ಫೋನಿಗೆ ಕಳಿಸುವ ಜಾವಾಸ್ಕ್ರಿಪ್ಟ್ ನನ್ನದು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ವಿಡಿಯೋ ನೋಡಿ ಕಲಿತದ್ದು. `\d+` ಎಂದು ಬರೆದಿದ್ದೆ. ಅದು ಮೊದಲು ಸಿಕ್ಕ ಅಂಕಿಯನ್ನೇ ಹಿಡಿಯುತ್ತದೆ. ನಿನ್ನೆ ಪೇಜು ಬದಲಾಗಿ `<td width="18">27</td>` ಆಗಿದೆ. ಶಾಖ ಇಪ್ಪತ್ತೇಳು, ನಾನು ಕಳಿಸಿದ್ದು ಕಾಲಮ್ಮಿನ ಅಗಲ, ಹದಿನೆಂಟು.

ಚಿಕ್ಕಮ್ಮ ಅದನ್ನು ನಂಬಿ, ಹುಳುಗಳಿಗೆ ಚಳಿಯೆಂದು ಕೆಂಡದ ಒಲೆ ಇಟ್ಟು ಬಾಗಿಲು ಮುಚ್ಚಿದ್ದಾಳೆ. ಆಮೇಲೆ ಫೋನು: "ಅಲ್ಲ ಕನಮ್ಮಿ, ನಿನ್ ಮಿಷನ್‌ಗೇನ್ ಚಳಿಜ್ವರ ಬಂದದಾ? ನಾನಿಲ್ಲಿ ಬೆವೀತಾವ್ನಿ, ಹುಳ ಸೊಪ್ಪೇ ಮುಟ್ತಿಲ್ಲ!"

"ಒಲೆ ಈಚೆಗಾಕು ಚಿಕ್ಕಮ್ಮ, ಕಿಟಕಿ ತೆಗಿ!"

ಕೂಡಲೇ ಸ್ಕ್ರಿಪ್ಟ್ ತಿದ್ದಿದೆ. ಮೊದಲು `replace(/<[^>]*>/g, "")` ಎಂದು ಅಗಲಗಿಗಲ ಬರೆದಿರುವ ಟ್ಯಾಗುಗಳನ್ನೆಲ್ಲ ಕಿತ್ತು, ಆಮೇಲೆ ಅಂಕಿ ಹುಡುಕಿದೆ. ಹುಳುಮನೆ ಆಗಲೇ ಮೂವತ್ತಮೂರು ಡಿಗ್ರಿಗೆ ಏರಿತ್ತು.

ಅಜ್ಜಿ ಇದ್ದಾಗ ಆ ಮನೆಯಲ್ಲಿ ಅಂಕಿಯೇ ಇರಲಿಲ್ಲ. ಹುಳುವಿನ ತಟ್ಟೆಯ ಮೇಲೆ ಮುಂಗೈ ಹಿಡಿದು ಒಂದು ಗಳಿಗೆ ನಿಂತರೆ ಅವಳಿಗೆ ಗೊತ್ತಾಗುತ್ತಿತ್ತು. ಸ್ಕೂಲು ಬಿಟ್ಟ ವರ್ಷ ನಾನು ಮಲಗಿದಲ್ಲಿಂದ ಏಳದಿದ್ದಾಗ ನನ್ನ ಹಣೆಯನ್ನೂ ಹಾಗೇ ಮುಟ್ಟಿ, "ಜ್ವರ ಇಲ್ಲ ಮಗ, ಭಯ ಅಷ್ಟೆಯ" ಅಂದಿದ್ದಳು. ಆಮೇಲೆ ಯಾರೂ ಹಾಗೆ ಮುಟ್ಟಿ ನೋಡಿಲ್ಲ.

ಸಂಜೆ ಚಿಕ್ಕಮ್ಮ ಫೋನನ್ನು ತಟ್ಟೆಯ ಹತ್ತಿರ ಹಿಡಿದಳು. ಸೊಪ್ಪು ಕಡಿಯುವ ಸದ್ದು ಕೇಳಿಸಿತು. "ತಿಂತಾವೆ. ಓಗು, ನೀನೂ ಉಣ್ಣೋಗು" ಅಂದಳು.

ಉಂಡೆ. ಎಷ್ಟು ಸತ್ತವು ಎಂದು ನಾನು ಕೇಳಲಿಲ್ಲ.