ಪ್ಲಾಟಿನಂ ಎಲ್ಲೂ ಹೋಗಿರಲಿಲ್ಲ

೧೪ ಮಾರ್ಚ್, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ಮೂರು ವಾರದಿಂದ ನಿನ್ನ ಬೀದಿಯ ಕಡೆ ತಲೆ ಹಾಕಿಲ್ಲ, ಫೋನೂ ಎತ್ತಿಲ್ಲ. ಎಷ್ಟು ಬೇಕೋ ಅಷ್ಟು ಬೈದುಕೊ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಎದುರು ಕೂತು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಪುಟ್ಟಿಯ ಕೆಮ್ಮು ಇಳಿಯಿತೇ? ಭಾವ ಸರಿಯಾಗಿ ಊಟ ಮಾಡುತ್ತಿದ್ದಾರೆಯೇ?

ಅವರನ್ನು ಯಾಕೆ ಕೆಲಸದಿಂದ ನಿಲ್ಲಿಸಿದರು ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಟೈಟಾನಿಯಂ ಆಕ್ಸೈಡಿನ ಬಿಳಿ ಪುಡಿಯ ಮೇಲೆ ಪ್ಲಾಟಿನಂ ಕಣಗಳನ್ನು ಕೂರಿಸುತ್ತೇವೆ. ಕಣ್ಣಿಗೆ ಕಾಣದಷ್ಟು ಚಿಕ್ಕವು. ಹೊಗೆಯಲ್ಲಿನ ವಿಷಾನಿಲವನ್ನು ಸುಡುವುದು ಅವುಗಳ ಕೆಲಸ. ಪ್ಲಾಟಿನಂ ತೂಗಿ ಬೆರೆಸುವವರು ಭಾವ, ಎಷ್ಟು ಕೂತಿದೆ ಎಂದು ನೋಡುವವಳು ನಾನು. ಪುಡಿಯನ್ನು ಕುಲುಮೆಯಲ್ಲಿ ಕಾಯಿಸಿ, ಆಮೇಲೆ ಅದರ ಮೇಲೆ ಅನಿಲ ಹಾಯಿಸಿ, ಪ್ಲಾಟಿನಂ ಮೇಲೆ ಅಂಟಿಕೊಂಡಷ್ಟನ್ನು ಅಳೆಯುತ್ತೇನೆ. ಆ ಸಲ ಮೂರು ಸ್ಯಾಂಪಲ್ಲಿಗೂ ಹೆಚ್ಚುಕಡಿಮೆ ಏನೂ ಅಂಟಲಿಲ್ಲ.

"ಹಾಗಾದ್ರೆ ಪ್ಲಾಟಿನಂ ಎಲ್ಲಿಗೆ ಹೋಯ್ತು?" ಅಂದರು ದೊಡ್ಡ ಮೇಡಂ. ಎಲ್ಲರೂ ಭಾವನನ್ನು ನೋಡಿದರು. "ತೂಗಿದ್ದು ತೂಗಿದ ಹಾಗೇ ಹಾಕಿದೀನಿ ಮೇಡಂ" ಅಂದರು ಅವರು. ಅವತ್ತಿನಿಂದ ಅವರ ಮೇಲೆ ಕಳ್ಳತನದ ಹೊರೆ.

ನಿನ್ನೆ ಮೈಕ್ರೋಸ್ಕೋಪಿನ ಚಿತ್ರ ಬಂತು. ಪ್ಲಾಟಿನಂ ಅಲ್ಲೇ ಇದೆ, ಅಕ್ಕ. ಕೆಳಗಿನ ಆಕ್ಸೈಡೇ ತೆಳ್ಳಗೆ ಮೇಲೆ ಹರಿದು ಕಣಗಳನ್ನು ಮುಚ್ಚಿಬಿಟ್ಟಿದೆ, ಹಾಸಿಗೆಯೇ ಹೊದಿಕೆಯಾದ ಹಾಗೆ. ಹೈಡ್ರೋಜನ್‌ನಲ್ಲಿ ಐನೂರು ಡಿಗ್ರಿಗೆ ಕಾಯಿಸಿದರೆ ಹೀಗಾಗುತ್ತದೆ. ನಾವು ಕಾಯಿಸಬೇಕಾಗಿದ್ದದ್ದು ಇನ್ನೂರಕ್ಕೆ. ಕುಲುಮೆಯಲ್ಲಿ ಹಿಂದಿನ ಕೆಲಸದ ಐನೂರು ಹಾಗೇ ಇತ್ತು. ನೋಡದೆ ಗುಂಡಿ ಒತ್ತಿದ ದುಡುಕಿ ನಾನೇ. ಇವತ್ತು ಅದೇ ಪುಡಿಯನ್ನು ಗಾಳಿಯಲ್ಲಿ ಸುಟ್ಟು ಆ ಹೊದಿಕೆ ಸರಿಸಿ, ಇನ್ನೂರಕ್ಕೆ ಮತ್ತೆ ಕಾಯಿಸಿ ಅಳೆದೆ. ಅನಿಲ ಚೆನ್ನಾಗಿ ಅಂಟಿತು. ಅಂಕಿಯನ್ನು ಎರಡು ಸಲ ತಪ್ಪು ಬರೆದೆ.

ಸೋಮವಾರ ವಿಚಾರಣೆ. ಚಿತ್ರವನ್ನೂ ನನ್ನ ತಪ್ಪೊಪ್ಪಿಗೆಯ ಕಾಗದವನ್ನೂ ಮೇಡಂ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಅವರು ನಂಬಿದರೆ ಭಾವ ವಾಪಸ್ ಬರುತ್ತಾರೆ, ನನ್ನ ಕೆಲಸ ಉಳಿಯುವುದು ಅನುಮಾನ. ನಂಬದಿದ್ದರೆ?

ಪುಟ್ಟಿಗೆ ಮುತ್ತು. ನಿಮ್ಮ ಮನೆಗೆ ನೆಮ್ಮದಿ ಮರಳಲಿ.

ನಿನ್ನ
ಮೊಂಡಿ

ಮತ್ತೊಂದು ಮಾತು: ಇಷ್ಟೆಲ್ಲ ಬರೆದು ಒಂದನ್ನು ನುಂಗಿಕೊಂಡಿದ್ದೆ. ಅವತ್ತು ಮೇಡಂ ನನ್ನೊಬ್ಬಳನ್ನೇ ಒಳಗೆ ಕರೆದು, "ನಿಮ್ಮ ಭಾವ ಅಲ್ವಾ, ಅಂಥವ್ರಾ ಅವ್ರು?" ಎಂದು ಕೇಳಿದರು. "ಗೊತ್ತಿಲ್ಲ ಮೇಡಂ" ಅಂದೆ. ತಿರುಗಿದರೆ ಬಾಗಿಲಲ್ಲಿ ಭಾವ ನಿಂತಿದ್ದರು. ಅದನ್ನು ಅವರು ನಿನಗೆ ಹೇಳಿಯೇ ಇಲ್ಲ, ಅಲ್ಲವೇ? ನಿನ್ನೆ ಕೂಡ ನೀನು ಮೆಸೇಜ್ ಕಳಿಸಿದ್ದೀಯ: "ಊಟಕ್ಕೆ ಬಾರೇ, ಭಾವ ನಿನ್ನನ್ನ ಕೇಳ್ತಾನೇ ಇರ್ತಾರೆ."