ಕೈಗುಣ

ಅಕ್ಕನಿಗೆ,

ಪರದೇಶದ ಈ ಉಚಿತ ಹಲ್ಲಿನ ಶಿಬಿರ ಇವತ್ತಿಗೆ ಮುಗಿಯಿತು. ಆದರೆ ನಾಳೆ ಎಲ್ಲರ ಜೊತೆ ನಾನು ಹೊರಡುತ್ತಿಲ್ಲ. ಅಮ್ಮನಿಗೆ ನೀನೇ ಏನಾದರೂ ಹೇಳು.

ಕೊನೆಗೆ ಬಂದ ಅಜ್ಜಿಯ ದವಡೆ ಹಲ್ಲು ಕೀಳುವಾಗ ಬೇರು ಮುರಿದು ಒಳಗೇ ಉಳಿಯಿತು. ಬೆಳಗಿನಿಂದ ಮೂವತ್ತೆಂಟು ಹಲ್ಲು ಕಿತ್ತ ಕೈ ಸೋತುಹೋಗಿತ್ತು. ಹತ್ತಿ ಕಚ್ಚಿಸಿ, ಏನೂ ಹೇಳದೆ ಕಳಿಸಿಬಿಟ್ಟೆ. ಬಾಗಿಲ ತನಕ ಹೋದವಳು ತಿರುಗಿ ಬಂದು ನನ್ನ ಕೈ ಹಿಡಿದು ಏನೋ ಹೇಳಿದಳು.

"ನೋವೆಲ್ಲಾ ಹೋಯ್ತಂತೆ ಡಾಕ್ಟ್ರೇ, ನಿಮ್ಮ ಕೈಗುಣ ಒಳ್ಳೇದಂತೆ," ಅಂದಳು ದುಭಾಷಿ.

ನೀನೂ ಹಲ್ಲು ಕೀಳುವವಳೇ. ಅದು ಕೈಗುಣವಲ್ಲ, ಚುಚ್ಚುಮದ್ದಿನ ಜೋಮು ಅಂತ ನಿನಗೆ ಗೊತ್ತು. ಅಜ್ಜಿಗೆ ದಾರಿಯಲ್ಲಿ ಗೊತ್ತಾಗಿರುತ್ತದೆ.

ಬೆಳಿಗ್ಗೆ ಇಕ್ಕಳ, ಮದ್ದು ಕಟ್ಟಿಕೊಂಡು ಅವಳ ಊರಿಗೆ ಹೊರಡುತ್ತೇನೆ. ಒಂದು ದಿನದ ದಾರಿ. ದುಭಾಷಿ ಬರುವುದಿಲ್ಲ. ಬೈಗುಳಕ್ಕೆ ದುಭಾಷಿ ಬೇಕಿಲ್ಲ ಬಿಡು.

ನಿನ್ನ ತಮ್ಮ