ನಲ್ಲಿ ಮುಚ್ಚೇ ಇತ್ತು

ಮಂಗಳವಾರ, ೧೭

ಪ್ರೀತಿಯ ತಮ್ಮಾ,

ನಲ್ಲಿಯ ವಿಷಯ ಬಿಟ್ಟು, ಬರೀ ಕ್ಷೇಮ ಕೇಳಿ ಮುಗಿಸೋಣ ಎಂದುಕೊಂಡಿದ್ದೆ. ಆಗಲಿಲ್ಲ. ತಡವಾದದ್ದಕ್ಕೆ ಕ್ಷಮಿಸು, ನಿನ್ನ ಫೋನು ಬಂದ್ ಆಗಿದೆ, ನಿನ್ನ ಗೆಳೆಯನ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ. "ಅವನಿಗೆ ಊಟದ ಮೇಲೆ ನಿಗಾನೇ ಇರಲ್ಲ, ನಾಲ್ಕು ಬೈದು ಬರಿ" ಅಂದಳು. ಬೈದಿದ್ದೇನೆ ಎಂದುಕೋ.

ನಮ್ಮ ಭಾನುವಾರದ ಸಿನಿಮಾಗಳು ನೆನಪಾಗುತ್ತವೆ. ನ್ಯಾಯಕ್ಕಾಗಿ ಒಂದು ಗುಂಪು ಕಚೇರಿ ಸುಡುತ್ತದೆ, ಸೇತುವೆ ಉರುಳಿಸುತ್ತದೆ; ಸೋಫಾದ ಮೇಲೆ ನಮ್ಮ ಚಪ್ಪಾಳೆ. ನಾನು ಮಾತ್ರ ನಡುವೆ ನಿಲ್ಲಿಸಿ, "ಕಾವಲುಗಾರ ಎಲ್ಲಿ ಹೋದ?" ಎನ್ನುತ್ತಿದ್ದೆ. "ಬಂದ್ರು ನೋಡಿ, ಕಾವಲುಗಾರರ ಸಂಘದ ಅಧ್ಯಕ್ಷೆ! ನೀನೇ ಕಳಿಸಕ್ಕ ಅವನನ್ನ" ಎಂದು ನೀನು ಒಮ್ಮೆ ರೇಗಿಸಿದೆ. ಮಾತಿನಲ್ಲೇ ಕಳಿಸಿದೆ: ಅವನ ಪಕ್ಕದ ಮನೆಯವರಂತೆ ಫೋನು ಮಾಡಿ, ನಿಮ್ಮ ಮನೆಯ ನಲ್ಲಿ ತೆರೆದಿದೆ, ನೀರು ಬೀದಿಗೆ ಹರಿಯುತ್ತಿದೆ ಎಂದರಾಯಿತು. ಯಾರಿಗೂ ಪೆಟ್ಟಿಲ್ಲ, ನಮ್ಮ ಮನಸ್ಸೂ ನಿರಾಳ. "ಪರವಾಗಿಲ್ವೇ, ತಲೆ ಇದೆ ನಿಂಗೆ" ಅಂದೆ ನೀನು.

ನಿಮ್ಮ ಬೀದಿಯ ಮನೆಗಳನ್ನು ಕೆಡವಿದ ಕಂಪನಿಯ ಯಂತ್ರದ ಶೆಡ್ ಸುಟ್ಟ ಸುದ್ದಿ ಓದಿದಾಗ, ನಿಜ ಹೇಳುತ್ತೇನೆ, ನನಗೆ ದುಃಖವಾಗಲಿಲ್ಲ. ನಿನ್ನೆ ಆಸ್ಪತ್ರೆಯಲ್ಲಿ ನನ್ನ ಔಷಧಿ ಕೌಂಟರಿಗೆ ಆ ಶೆಡ್ಡಿನ ಕಾವಲುಗಾರ ಸುಟ್ಟಗಾಯದ ಮುಲಾಮಿಗೆಂದು ಬಂದ. ಅವನಿಗಲ್ಲ, ಅವನ ಅಣ್ಣನಿಗೆ.

"ಯಾರೋ ಫೋನ್ ಮಾಡಿದ್ರು ಮೇಡಂ, ಮನೇಲಿ ನಲ್ಲಿ ಬಿಟ್ಟಿದೆ, ನೀರೆಲ್ಲ ಬೀದಿಗೆ ಹರೀತಿದೆ ಅಂತ. ಕುರ್ಚಿ ಖಾಲಿ ಬಿಟ್ರೆ ಕೆಲಸ ಹೋಗುತ್ತೆ. ಹತ್ತಿರದಲ್ಲೇ ಇದ್ದ ಅಣ್ಣನ್ನ ಕೂರ್ಸಿ ಓಡಿದೆ. ಹೋಗಿ ನೋಡಿದ್ರೆ ನಲ್ಲಿ ಮುಚ್ಚೇ ಇತ್ತು."

ಅಣ್ಣನ ಎರಡೂ ಕೈ ಸುಟ್ಟಿವೆ. ನಮ್ಮ ಕಥೆಯಲ್ಲಿ ಕಾವಲುಗಾರನಿಗೆ ಅಣ್ಣ ಇರಲಿಲ್ಲ. ನಾನು ಮುಲಾಮಿನ ಬದಲು ಕೆಮ್ಮಿನ ಔಷಧಿ ಕೊಟ್ಟೆ. ಅವನೇ ನೋಡಿ ಹಿಂದಿರುಗಿಸಿದ.

ನೀನಲ್ಲ ಎಂದಾದರೆ ಒಂದೇ ಸಾಲು ಬರೆ, ಅನುಮಾನಿಸಿದ್ದಕ್ಕೆ ನಿನ್ನ ಕಾಲಿಗೆ ಬೀಳುತ್ತೇನೆ. ಆದರೆ ಆ ನಲ್ಲಿಯ ಉಪಾಯವನ್ನು ನಾನು ನಿನ್ನ ಹೊರತು ಯಾರಿಗೂ ಹೇಳಿದವಳಲ್ಲ. ಸೋಮವಾರ ಬೆಳಿಗ್ಗೆ ಠಾಣೆಗೆ ಹೋಗುತ್ತೇನೆ. ಅಷ್ಟರೊಳಗೆ ಬಾ, ಜೊತೆಯಲ್ಲೇ ಹೋಗೋಣ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ತಿನ್ನು. ನಿನಗೆ ಒಳ್ಳೆಯದಾಗಲಿ, ಮರಿ.

ನಿನ್ನ
ಅಕ್ಕ

ಮತ್ತೊಂದು ಮಾತು: ಆ ಕಾವಲುಗಾರನ ಬಾಯಲ್ಲಿ ನಲ್ಲಿ ಎಂಬ ಮಾತು ಬಂದ ಕೂಡಲೇ, ಹೆದರಿಕೆಗೂ ಮುಂಚೆ, ಒಂದು ಗಳಿಗೆ ನನಗೆ ಹೆಮ್ಮೆಯಾಯಿತು. ಫಲಿಸಿತಲ್ಲ, ಅವನು ಎದ್ದು ಹೋದನಲ್ಲ ಎಂದು. ಅಣ್ಣನ ಮುಲಾಮಿನ ಚೀಟಿ ಆಗ ನನ್ನ ಕೈಯಲ್ಲೇ ಇತ್ತು. ಠಾಣೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ನಿನಗಾದರೂ ಗೊತ್ತಿರಲಿ. ಈ ಕಾಗದವನ್ನು ನಾಳೆ, ಬುಧವಾರ ಹದಿನೆಂಟಕ್ಕೆ, ಅಂಚೆಗೆ ಹಾಕುತ್ತೇನೆ.